ತೊಪ್ಪೂರು ಘಾಟಿಯ ಹಳೇ ಕಾರು, ಸಂಶೋಧನೆಯ ಚಿಲ್ಲರೆ ಕಾಸು

ಬೆಂಗಳೂರು ಬಿಟ್ಟ ರಾಷ್ಟ್ರೀಯ ಹೆದ್ದಾರಿ 44 ಹೊಸೂರು, ಕೃಷ್ಣಗಿರಿ, ಧರ್ಮಪುರಿಯವರೆಗೆ ಚಾಲಕನಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಧರ್ಮಪುರಿ ದಾಟಿ ಸೇಲಂ ಕಡೆ ಹೊರಟರೆ ತೊಪ್ಪೂರು ಘಾಟಿ ಎದುರಾಗುತ್ತದೆ. ಅಲ್ಲಿಂದ ರಸ್ತೆ ಬೆಟ್ಟದ ಮಗ್ಗುಲು ಹಿಡಿದು ಕಿಲೋಮೀಟರುಗಟ್ಟಲೆ ಇಳಿಯುತ್ತಲೇ ಹೋಗುತ್ತದೆ. ಸರಕು ಹೇರಿದ ಲಾರಿಗಳ ಚಾಲಕರಿಗೆ ಈ ಇಳಿಜಾರೆಂದರೆ ಅಂಜಿಕೆ. 2020ರ ಡಿಸೆಂಬರಿನಲ್ಲಿ ಹತೋಟಿ ತಪ್ಪಿದ ಒಂದು ಲಾರಿ ಇಲ್ಲಿ ಹತ್ತಾರು ವಾಹನಗಳ ಮೇಲೆ ನುಗ್ಗಿ ನಾಲ್ವರು ಪ್ರಾಣ ಕಳೆದುಕೊಂಡರು.

ಇದೇ ಇಳಿಜಾರಿಗೆ ಅರವತ್ತು ಎಪ್ಪತ್ತು ವರ್ಷದ ಹಳೇ ಕಾರು ಬಂದರೆ ಏನಾಗುತ್ತದೆ? ಅದರ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಮುಚ್ಚಿದ ಡ್ರಮ್ಮಿನೊಳಗೆ ಲೈನಿಂಗ್ ಉಜ್ಜಿ ಉಜ್ಜಿ ಕಾದರೆ ಶಾಖ ಹೊರಗೆ ಹೋಗಲು ದಾರಿಯಿರುವುದಿಲ್ಲ. ಡ್ರಮ್ಮು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಸಡಿಲುತ್ತದೆ, ಪೆಡಲ್ ಪೂರ್ತಿ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದುದು ಇದಕ್ಕೇ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯ ವೇಗವನ್ನು ಹಿಡಿದಿಡುತ್ತದೆ. ಬ್ರೇಕಿಗೆ ಆಗಾಗ ಕಾಲು ತಾಗಿಸಿದರೆ ಸಾಕು. ಸೇಲಮಿನಿಂದ ವಾಪಸು ಏರುವಾಗಿನ ಪಾಡೇ ಬೇರೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಎಂಜಿನ್ ಕೆಮ್ಮುತ್ತಾ ನಿಲ್ಲುತ್ತದೆ. ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಬಾನೆಟ್ ಎತ್ತಿ, ಅರ್ಧ ಗಂಟೆ ಕಾಯುವುದು ಇಂದಿಗೂ ನಡೆಯುವ ಉಪಾಯ.

ಸೇಲಂ ತಲುಪಿ ಯೇರ್ಕಾಡಿಗೆ ಹತ್ತುವ ಆಸೆಯಾದರೆ ಇಪ್ಪತ್ತು ಹೇರ್‌ಪಿನ್ ತಿರುವುಗಳಿವೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲ್ ಪಂಪೇ ಇರಲಿಲ್ಲ. ಟ್ಯಾಂಕಿನಿಂದ ಇಂಧನ ತಾನಾಗಿ ಕೆಳಗಿಳಿದು ಎಂಜಿನ್ ಸೇರಬೇಕಿತ್ತು. ಏರು ಕಡಿದಾಗಿದ್ದು ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದರೆ ಆ ಕಾಲದವರು ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಬೆಟ್ಟ ಹತ್ತಿಸುತ್ತಿದ್ದರು.

ಇಷ್ಟೆಲ್ಲ ಕಷ್ಟಪಟ್ಟು ಹಳೇ ಗಾಡಿಯನ್ನು ಸಾವಿರಾರು ಕಿಲೋಮೀಟರು ಓಡಿಸುವವರು ಜಗತ್ತಿನಲ್ಲಿ ಬಹಳ ಮಂದಿಯಿದ್ದಾರೆ. 1907ರಲ್ಲಿ ಇಟಲಿಯ ರಾಜಕುಮಾರ ಸಿಪಿಯೋನೆ ಬೋರ್ಗೆಸೆ ಪೆಕಿಂಗಿನಿಂದ ಪ್ಯಾರಿಸಿನವರೆಗೆ ಇಟಾಲಾ ಕಾರು ಓಡಿಸಿ ಎರಡು ತಿಂಗಳಲ್ಲಿ ಗುರಿ ಮುಟ್ಟಿದ್ದ. ಆ ದಾರಿಯ ನೆನಪಿಗೆ 1997ರಲ್ಲಿ ನಡೆದ ಹಳೇ ಕಾರುಗಳ ರ‍್ಯಾಲಿ ಟಿಬೆಟ್, ನೇಪಾಳದ ಮೂಲಕ ಭಾರತಕ್ಕೂ ಬಂದಿತ್ತು. ಇಂಥ ಯಾತ್ರೆಗಳು ಈಗ ಸಾಮಾನ್ಯವಾಗಿ ಯಾವುದಾದರೊಂದು ದಾನಕಾರ್ಯದ ಹೆಸರು ಹೊತ್ತೇ ಹೊರಡುತ್ತವೆ. 2012ರಲ್ಲಿ ಒಂದು ಡಚ್ ದಂಪತಿ 1915ರ ಮಾಡೆಲ್ ಟಿ ಕಾರಿನಲ್ಲಿ ತಮ್ಮೂರು ಎಡಾಮಿನಿಂದ ಆಫ್ರಿಕದ ತುದಿಯ ಕೇಪ್‌ಟೌನ್‌ವರೆಗೆ ಹೋದರು; ಅವರು ಹಣ ಕೂಡಿಸಿದ್ದು ಅನಾಥ ಮಕ್ಕಳಿಗಾಗಿ. ಅದೇ ವರ್ಷ ಸಿಡ್ನಿಯಲ್ಲಿ ಮಾರ್ಕ್ ಹಾವಾ ಶುರು ಮಾಡಿದ ‘ಡಿಸ್ಟಿಂಗ್ವಿಶ್ಡ್ ಜಂಟಲ್‌ಮನ್ಸ್ ರೈಡ್’ನಲ್ಲಿ ಸೂಟು, ಟೈ ತೊಟ್ಟವರು ಹಳೆಯ ಮಾದರಿಯ ಮೋಟಾರ್‌ಸೈಕಲ್ ಏರಿ ಊರು ಸುತ್ತುತ್ತಾರೆ. ಪುರುಷರ ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೆ, ಮಾನಸಿಕ ಆರೋಗ್ಯಕ್ಕೆ ಅದರಿಂದ ಕೋಟ್ಯಂತರ ಡಾಲರ್ ಕೂಡಿದೆ. ಬೆಂಗಳೂರಿನಲ್ಲೂ ಈ ಸವಾರಿ ನಡೆಯುತ್ತದೆ.

ಹಳೇ ವಾಹನ, ದೂರದ ದಾರಿ, ವೈದ್ಯಕೀಯ ಸಂಶೋಧನೆ, ಈ ಮೂರೂ ಅಚ್ಚುಕಟ್ಟಾಗಿ ಸೇರಿದ ಕಥೆ ಬೇಕಾದರೆ ಕೆನಡಾಕ್ಕೆ ಹೋಗಬೇಕು.

ಟೆರ‍್ರಿ ಫಾಕ್ಸ್ ಎಂಬ ಹುಡುಗನಿಗೆ 1977ರಲ್ಲಿ, ಹದಿನೆಂಟನೇ ವಯಸ್ಸಿಗೆ, ಮೂಳೆಯ ಕ್ಯಾನ್ಸರ್. ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಬದುಕುವ ಅವಕಾಶ ನೂರಕ್ಕೆ ಐವತ್ತು ಎಂದು ವೈದ್ಯರು ಹೇಳಿದರು. ಎರಡೇ ವರ್ಷ ಹಿಂದೆ ಬಂದಿದ್ದರೆ ಅದು ನೂರಕ್ಕೆ ಹದಿನೈದು ಆಗಿರುತ್ತಿತ್ತು ಎಂದೂ ಹೇಳಿದರು. ನಡುವಿನ ಎರಡು ವರ್ಷದಲ್ಲಿ ಬದಲಾದದ್ದು ಔಷಧಿ. ಔಷಧಿ ಬದಲಾದದ್ದು ಸಂಶೋಧನೆಯಿಂದ. ಆ ಲೆಕ್ಕ ಹುಡುಗನ ಮನಸ್ಸಿನಲ್ಲಿ ಕೂತುಬಿಟ್ಟಿತು. 1980ರ ಏಪ್ರಿಲ್ 12ರಂದು ಅವನು ಕೃತಕ ಕಾಲು ಕಟ್ಟಿಕೊಂಡು ಕೆನಡಾದ ಪೂರ್ವ ತೀರದ ಸೇಂಟ್ ಜಾನ್ಸಿನಿಂದ ಓಡತೊಡಗಿದ. ಗೆಳೆಯ ಡಗ್ ಆಲ್ವರ್ಡ್ ಫೋರ್ಡ್ ವ್ಯಾನಿನಲ್ಲಿ ಜೊತೆಗೆ ಬರುತ್ತಿದ್ದ. ಊಟ, ನಿದ್ದೆ ಎಲ್ಲ ಅದರಲ್ಲೇ. 143 ದಿನ, 5,373 ಕಿಲೋಮೀಟರ್ ಆದಾಗ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಓಟ ಥಂಡರ್ ಬೇ ಹತ್ತಿರ ನಿಂತಿತು. ದೇಶದ ಪ್ರತಿಯೊಬ್ಬರಿಂದ ಒಂದೊಂದು ಡಾಲರ್ ಎಂಬುದು ಅವನ ಕೋರಿಕೆ. 1981ರ ಫೆಬ್ರವರಿಗೆ 2.4 ಕೋಟಿ ಡಾಲರ್ ಕೂಡಿತು. ಅಂದಿನ ಕೆನಡಾದ ಜನಸಂಖ್ಯೆಯೂ ಅಷ್ಟೇ ಇತ್ತು. ಅದೇ ವರ್ಷದ ಜೂನ್ 28ರಂದು ಟೆರ‍್ರಿ ತೀರಿಕೊಂಡ.

ವ್ಯಾನು ಕೈಯಿಂದ ಕೈಗೆ ಮಾರಾಟವಾಗಿ, ಒಂದು ಸಂಗೀತ ತಂಡದ ಊರು ಸುತ್ತುವ ಗಾಡಿಯಾಗಿ, ಜನರ ಕಣ್ಣಿನಿಂದ ಮರೆಯಾಗಿತ್ತು. ಅದು ಪತ್ತೆಯಾದ ಮೇಲೆ ಫೋರ್ಡ್ ಕಂಪನಿಯವರು ಮೊದಲಿನಂತೆ ಮಾಡಿಕೊಟ್ಟರು. 2008ರಲ್ಲಿ ಅದೇ ವ್ಯಾನು ಪೂರ್ವ ತೀರದಿಂದ ಹೊರಟು, ಟೆರ‍್ರಿ ತಲುಪಲಾಗದ ಪಶ್ಚಿಮ ತೀರದವರೆಗೆ ಊರೂರಲ್ಲಿ ನಿಂತು ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿತು. ಟೆರ‍್ರಿ ಹೆಸರಿನ ಓಟ ಚೆನ್ನೈಯಲ್ಲೂ ನಡೆಯುತ್ತದೆ. ಜಗತ್ತಿನಾದ್ಯಂತ ಈವರೆಗೆ ಕೂಡಿರುವುದು 80 ಕೋಟಿ ಕೆನಡಾ ಡಾಲರಿಗೂ ಹೆಚ್ಚು.

ಹಳೇ ಗಾಡಿಗೆ ಯಾಕೆ ಈ ಶಕ್ತಿ? ಅದು ನಿಧಾನ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುವ ಕಾರಿನ ಮೇಲೆ ಏನು ಬರೆದಿದ್ದರೂ ಓದಲಾಗದು. ನಲವತ್ತರಲ್ಲಿ ಹೋಗುವ ಗಾಡಿ ಕಾರಿಮಂಗಲದ ಟೀ ಅಂಗಡಿ ಮುಂದೆ ರೇಡಿಯೇಟರಿಗೆ ನೀರು ತುಂಬಲು ನಿಂತರೆ ಐದೇ ನಿಮಿಷದಲ್ಲಿ ಗುಂಪು ಸೇರುತ್ತದೆ. ಯಾವ ವರ್ಷದ್ದು, ಎಷ್ಟು ಮೈಲೇಜು ಕೊಡುತ್ತೆ, ಸ್ಪೇರು ಎಲ್ಲಿ ಸಿಗುತ್ತೆ ಎಂಬ ಪ್ರಶ್ನೆಗಳಾದ ಮೇಲೆ ಎಲ್ಲಿಗೆ ಹೊರಟಿರಿ, ಯಾಕೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಜನರೇ ಮುಂದಾಗಿ ಕೇಳುವ ಇಂಥ ಅವಕಾಶ ಬೇರೆ ಯಾವ ಪ್ರಚಾರಕ್ಕೂ ಸಿಗುವುದಿಲ್ಲ.

ಅವಕಾಶ ಸಿಕ್ಕಿದರೂ ಸಂಶೋಧನೆಗೆ ಹಣ ಕೇಳುವುದು ಸುಲಭವಲ್ಲ. ಎದುರಿಗಿರುವ ಮಗುವಿನ ಆಪರೇಷನ್ನಿಗೆ ಎಂದರೆ ನಮ್ಮ ಜನ ಜೇಬಿನಲ್ಲಿದ್ದದ್ದನ್ನೆಲ್ಲ ಕೊಡುತ್ತಾರೆ. ಹತ್ತು ವರ್ಷದ ಮೇಲೆ ಸಿಗಬಹುದಾದ, ಸಿಗದೆಯೂ ಹೋಗಬಹುದಾದ ಉತ್ತರಕ್ಕೆ ಕೊಡಿ ಎಂದರೆ ಕೈ ಹಿಂದೆ ಹೋಗುತ್ತದೆ. ಆದರೂ ಚಿಲ್ಲರೆ ಕಾಸಿನಿಂದಲೇ ಸಂಶೋಧನೆ ನಡೆದ ಉದಾಹರಣೆ ಅಮೆರಿಕದಲ್ಲಿದೆ. 1938ರಲ್ಲಿ ಪೋಲಿಯೋ ವಿರುದ್ಧ ಒಂದು ಪ್ರತಿಷ್ಠಾನ ಹುಟ್ಟಿದಾಗ, ಒಬ್ಬೊಬ್ಬರೂ ಒಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, ನೇರ ಅಧ್ಯಕ್ಷರಿಗೇ ಕಳಿಸಿ ಎಂದು ರೇಡಿಯೋದಲ್ಲಿ ಕರೆ ಹೋಯಿತು. ಅಧ್ಯಕ್ಷ ರೂಸ್‌ವೆಲ್ಟರ ಕಾಲನ್ನೇ ಪೋಲಿಯೋ ಕಸಿದಿತ್ತು. ಶ್ವೇತಭವನಕ್ಕೆ 26 ಲಕ್ಷ 80 ಸಾವಿರ ನಾಣ್ಯಗಳು ಬಂದವು. ಈ ಚಿಲ್ಲರೆ ಚಳವಳಿಯ ದುಡ್ಡಿನಿಂದಲೇ ಜೋನಾಸ್ ಸಾಲ್ಕರ ಲಸಿಕೆಯ ಪ್ರಯೋಗ 1954ರಲ್ಲಿ ನಡೆಯಿತು. ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡರು. ಲಸಿಕೆ ಕೆಲಸ ಮಾಡುತ್ತದೆ ಎಂಬ ಸುದ್ದಿ ಹೊರಬಿದ್ದದ್ದು 1955ರ ಏಪ್ರಿಲ್ 12ರಂದು. ಭಾರತದಲ್ಲಿ ವೈಲ್ಡ್ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚಿನಲ್ಲಿ ದೇಶ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಅಮೆರಿಕದ ಮಾತು ದೂರವಾಯಿತು ಅನ್ನುವವರಿಗೆ ಸಂಶೋಧನೆ ಏನು ಕೊಡುತ್ತದೆ ಎಂಬುದಕ್ಕೆ ಧರ್ಮಪುರಿಯಲ್ಲೇ ಉದಾಹರಣೆಯಿದೆ. ಈ ಜಿಲ್ಲೆಯ ಹಳ್ಳಿಗಳಲ್ಲಿ ಮಾತಾಡಿಸಿದವರು ನಕ್ಕಾಗ ಹಲ್ಲಿನ ಮೇಲೆ ಕಂದು ಪಟ್ಟೆಗಳು ಕಾಣುವುದುಂಟು. ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಬಾಲ್ಯದಲ್ಲೇ ಹಲ್ಲಿಗೆ ಹಚ್ಚಿದ ಗುರುತು ಅದು. ಪಾವಗಡ, ಮುಂಡರಗಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಲೀಟರು ನೀರಿನಲ್ಲಿ 1.5 ಮಿಲಿಗ್ರಾಂ ಮೀರಿದ ಫ್ಲೋರೈಡು ವರ್ಷಾನುಗಟ್ಟಲೆ ಒಳಗೆ ಹೋದರೆ ಮೊದಲು ಹಲ್ಲು ಕೆಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನು ಬಾಗುತ್ತದೆ, ಕೀಲು ಬಿಗಿಯುತ್ತದೆ. ಊರಿನವರು ಅದನ್ನು ವಯಸ್ಸಿನ ತೊಂದರೆ, ಹಣೆಬರಹ ಎಂದೇ ತಿಳಿದಿದ್ದರು. ಕಾಯಿಲೆಯ ಮೂಲ ನೀರಿನಲ್ಲಿದೆ ಎಂದು ಭಾರತದಲ್ಲಿ ಮೊದಲು ತೋರಿಸಿದ್ದು 1937ರಲ್ಲಿ, ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯ ರೋಗಿಗಳನ್ನು ನೋಡಿ ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಬರೆದ ಪ್ರಬಂಧ. ಮುಂದೆ 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ನಲ್ಗೊಂಡದ ಮಕ್ಕಳ ಮಂಡಿ ಒಳಕ್ಕೆ ಬಾಗುವುದನ್ನು ಅಭ್ಯಾಸ ಮಾಡಿದರು. ನಾಗಪುರದ ನೀರಿ ಸಂಸ್ಥೆ ಪಟಿಕ ಮತ್ತು ಸುಣ್ಣ ಹಾಕಿ ನೀರಿನ ಫ್ಲೋರೈಡು ತಗ್ಗಿಸುವ ಅಗ್ಗದ ವಿಧಾನ ರೂಪಿಸಿತು. ಕಾರಣ ಗೊತ್ತಾದ ಮೇಲೆ ಪರಿಹಾರ ಎಂಜಿನಿಯರುಗಳ ಕೈಗೆ ಬಂತು. ಸುಮಾರು 1,928 ಕೋಟಿ ರೂಪಾಯಿಯ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಗಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಬಂತು. ಕನ್ನಡಿಗರಿಗೆ ಆ ಯೋಜನೆ ಎಂದರೆ ಗಡಿ ಜಗಳವೇ ಮೊದಲು ನೆನಪಾಗುತ್ತದೆ. ಅದರ ಹೆಸರಿನಲ್ಲೇ ಫ್ಲೋರೋಸಿಸ್ ನಿವಾರಣೆ ಎಂಬ ಮಾತೂ ಇದೆ.

ಸಂಶೋಧನೆ ಎಂದರೆ ದೊಡ್ಡ ಲ್ಯಾಬೇ ಆಗಬೇಕಿಲ್ಲ ಎನ್ನುವುದಕ್ಕೆ ಇದೇ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆ ಸಾಕ್ಷಿ. ವೈದ್ಯ ದಂಪತಿ ರೆಜಿ ಜಾರ್ಜ್ ಮತ್ತು ಲಲಿತಾ 1993ರಲ್ಲಿ ಅಲ್ಲಿ ಗುಡಿಸಲಲ್ಲಿ ಆಸ್ಪತ್ರೆ ತೆರೆದಾಗ ಹುಟ್ಟಿದ ಸಾವಿರ ಶಿಶುಗಳಲ್ಲಿ 147 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಊರಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡಿ, ಮನೆಮನೆಗೆ ಕಳಿಸಿ, ವರ್ಷಗಳ ಮೇಲೆ ಆ ಸಂಖ್ಯೆಯನ್ನು ಇಪ್ಪತ್ತರ ಆಸುಪಾಸಿಗೆ ಇಳಿಸಿದರು. ಎಷ್ಟು ಮಕ್ಕಳು ಸತ್ತರು, ಯಾಕೆ ಸತ್ತರು ಎಂದು ಎಣಿಸಿ ಬರೆದಿಟ್ಟಿರದಿದ್ದರೆ ಇಳಿದದ್ದೂ ಗೊತ್ತಾಗುತ್ತಿರಲಿಲ್ಲ. ಆ ಎಣಿಕೆಗೂ ಹಣ ಬೇಕು, ಆದರೆ ಅದಕ್ಕೆಂದು ದಾನ ಕೊಡುವವರು ಕಡಿಮೆ.

ಇಂಥ ಕೆಲಸಕ್ಕೆ ಹಣ ಕೂಡಿಸಲು ಹಳೇ ಕಾರುಗಳ ಯಾತ್ರೆಯೊಂದು ಈ ದಾರಿಯಲ್ಲೇ ಹೊರಡಬಹುದು. ಬೆಂಗಳೂರಿನಲ್ಲಿ ವಿಂಟೇಜ್ ಕಾರುಗಳ ಕ್ಲಬ್ ಇದೆ, ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಮನೆತನದವರ ಕಾರು ಸಂಗ್ರಹಾಲಯವಿದೆ. ಎರಡು ನಗರಗಳ ನಡುವಿನ ದಾರಿ ಸೇಲಂ ಮೂಲಕವೇ ಹೋಗುತ್ತದೆ. ಯೇರ್ಕಾಡು ರಸ್ತೆಯಲ್ಲಿ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋದ ಹಳೆಯ ಕಮಾನು ಇನ್ನೂ ನಿಂತಿದೆ. ಟಿ.ಆರ್. ಸುಂದರಂ ಕಟ್ಟಿದ ಈ ಸ್ಟುಡಿಯೋದಲ್ಲೇ 1938ರಲ್ಲಿ ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ ತಯಾರಾಯಿತು. ಹಳೇ ಕಾರುಗಳ ಸಾಲು ನಿಂತು ಜನರ ಜೊತೆ ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಸೇಲಮಿನಲ್ಲಿಲ್ಲ. ಹೊಸೂರು, ದೇಂಕಣಿಕೋಟೆ ಹಳ್ಳಿಗಳಿಂದ ಸೇಲಮಿನ ದೇವಾಂಗ ನೇಕಾರರ ಕೇರಿಗಳವರೆಗೆ ಕನ್ನಡ ಮಾತು ಕಿವಿಗೆ ಬೀಳುವ ದಾರಿಯಿದು. ಕರಪತ್ರ ತಮಿಳಿನ ಜೊತೆ ಕನ್ನಡದಲ್ಲೂ ಇದ್ದರೆ ಚೆನ್ನ.

ಕಾನೂನೂ ಇಂಥ ಯಾತ್ರೆಗೆ ಅನುಕೂಲವಾಗಿದೆ. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನ ‘ವಿಂಟೇಜ್’. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು. ಈ ಲೆಕ್ಕದಲ್ಲಿ 1970ರ ದಶಕದ ಮೊದಲ ವರ್ಷಗಳ ಅಂಬಾಸಿಡರ್, ಫಿಯಟ್ ಕಾರುಗಳೂ ವಿಂಟೇಜ್ ಆಗಿವೆ. ಮಹಾರಾಜರ ರೋಲ್ಸ್ ರಾಯ್ಸೇ ಬೇಕೆಂದಿಲ್ಲ. ಹೊರಡುವ ಮುನ್ನ ಒಂದು ಎಚ್ಚರ ಅಗತ್ಯ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು ಅದಕ್ಕೆ ತಡೆಯುವುದಿಲ್ಲ. ಮೊದಲೇ ಬದಲಿಸದಿದ್ದರೆ ಪೆಟ್ರೋಲು ಸೋರಿ ಬೆಂಕಿ ಹತ್ತುವ ಅಪಾಯವಿದೆ.

ದಾನಯಾತ್ರೆಯ ಮರ್ಯಾದೆ ನಿಂತಿರುವುದು ಲೆಕ್ಕದ ಮೇಲೆ. ಪೆಟ್ರೋಲು, ವಸತಿ, ರಿಪೇರಿ ಖರ್ಚೆಲ್ಲ ಕಾರಿನವರ ಸ್ವಂತ ಜೇಬಿನಿಂದ, ಜನ ಕೊಟ್ಟದ್ದು ಪೂರ್ತಿ ಸಂಶೋಧನೆಗೆ ಎಂಬ ಕಟ್ಟುನಿಟ್ಟು ಇರಬೇಕು. ಕೊಟ್ಟ ಹಣದಿಂದಲೇ ಯಾತ್ರೆಯ ಖರ್ಚು ಕಳೆದರೆ ಅದು ಇನ್ನೊಬ್ಬರ ದುಡ್ಡಿನ ಪ್ರವಾಸ.

ಇಂಥ ಕಾರೊಂದು ನಿಮ್ಮೂರಿನ ರಸ್ತೆಯಲ್ಲಿ ನಿಂತರೆ ಫೋಟೋ ತೆಗೆದುಕೊಳ್ಳುವ ಜೊತೆಗೆ ಮೂರು ಮಾತು ಕೇಳಿ: ಹಣ ಯಾವ ಸಂಸ್ಥೆಗೆ, ಯಾವ ಕಾಯಿಲೆಯ ಸಂಶೋಧನೆಗೆ, ಲೆಕ್ಕ ಎಲ್ಲಿ ಪ್ರಕಟವಾಗುತ್ತದೆ? ಉತ್ತರ ಸರಿಯಿದ್ದರೆ ಹತ್ತು ರೂಪಾಯಿಯಾದರೂ ಕೊಡಿ. ದೊಡ್ಡ ಮೊತ್ತವಾದರೆ ನೇರ ಸಂಸ್ಥೆಯ ಖಾತೆಗೇ ಹಾಕಿ ರಸೀದಿ ಪಡೆಯಿರಿ; ಎರಡು ಸಾವಿರ ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ.