ಮಕ್ಕಳು ಕಟ್ಟುವ ಗುಡಿಸಲಿಗೂ ಜಾಗವಿರಲಿ

ಹಂಪಿಯ ಬೆಟ್ಟಗಳನ್ನು ಹತ್ತಿದವರು ಅಲ್ಲಿಯ ಬಂಡೆಗಳ ಮೇಲೆ ಚಿಕ್ಕ ಚಿಕ್ಕ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುವುದನ್ನು ಕಂಡಿರುತ್ತಾರೆ. ಸ್ವಂತ ಮನೆ ಕಟ್ಟುವ ಯೋಗ ಕೂಡಿಬರಲೆಂದು ಹರಕೆ ಹೊತ್ತು ಯಾತ್ರಿಕರು ಜೋಡಿಸಿದ ಕಲ್ಲುಗಳವು. ಬೇಡಿಕೆ ದೊಡ್ಡದು, ಅದಕ್ಕೆ ಬಳಸಿದ ಸಾಮಗ್ರಿ ನಾಲ್ಕಾರು ಕಲ್ಲು ಮಾತ್ರ. ತನ್ನದೆಂಬ ಒಂದು ಸೂರು ಬೇಕೆಂಬ ಹಂಬಲ ಮನುಷ್ಯನಲ್ಲಿ ಎಷ್ಟು ಆಳವಾಗಿದೆ ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಈ ಹಂಬಲ ದೊಡ್ಡವರಿಗಷ್ಟೇ ಮೀಸಲಲ್ಲ. ಬೇಸಿಗೆ ರಜೆ ಬಂತೆಂದರೆ ಹೊಸಪೇಟೆಯ ಓಣಿಗಳಲ್ಲಿ ಎರಡು ಮಂಚಗಳ ನಡುವೆ ಅಜ್ಜಿಯ ಕೌದಿ ಎಳೆದು ಕಟ್ಟಿದ ಗುಡಾರಗಳು ತಲೆಯೆತ್ತುತ್ತವೆ. ಕಂಪ್ಲಿಯ ಹೊಲಗಳಲ್ಲಿ ಕಬ್ಬು ಕಡಿದ ಮೇಲೆ ಉಳಿಯುವ ರವದಿ ಮಕ್ಕಳ ಗುಡಿಸಲಿಗೆ ಹೊದಿಕೆಯಾಗುತ್ತದೆ. ಹಂಪಿಯ ಸುತ್ತಲಿನ ಬಾಳೆತೋಟಗಳಲ್ಲಿ ಒಣಗಿದ ಎಲೆಗಳು ಚಪ್ಪರವಾಗುತ್ತವೆ. ಸಂಡೂರಿನ ಕೆಂಪು ಮಣ್ಣಿನಲ್ಲಿ ನಾಲ್ಕು ಕೋಲು ಊರಿ ಹಳೆಯ ಸೀರೆ ಸುತ್ತಿದರೆ ಮನೆ ಸಿದ್ಧ. ಮೊದಲು ಪಾದದ ಮೇಲೆ ಹಸಿ ಮರಳು ತಟ್ಟಿ ಗುಬ್ಬಿ ಮನೆ ಮಾಡಿದ ಮಗು, ಸ್ವಲ್ಪ ಬೆಳೆದ ಮೇಲೆ ತಾನೇ ಒಳಗೆ ಕುಳಿತುಕೊಳ್ಳುವಂತಹ ಮನೆಯನ್ನು ಬಯಸುತ್ತದೆ.

ಇದನ್ನು ಕೇವಲ ಹುಡುಗಾಟವೆಂದು ತಳ್ಳಿಹಾಕುವವರೇ ಹೆಚ್ಚು. ಆದರೆ ತತ್ತ್ವಜ್ಞಾನಿ ಅರಿಸ್ಟಾಟಲನು ಕಲೆಯನ್ನು ವಿವೇಚನೆಯಿಂದ ಕೂಡಿದ ನಿರ್ಮಾಣ ಶಕ್ತಿ ಎಂದು ವಿವರಿಸುವಾಗ ಕೊಡುವ ಉದಾಹರಣೆ ಮನೆ ಕಟ್ಟುವ ವಿದ್ಯೆಯದೇ. ಯಾವ ಕೋಲು ಭಾರ ತಾಳೀತು, ಗಾಳಿ ಯಾವ ಕಡೆಯಿಂದ ಬೀಸೀತು, ಬಾಗಿಲು ಎತ್ತ ಇರಬೇಕು ಎಂದು ಹತ್ತು ವರ್ಷದ ಮಕ್ಕಳು ಚರ್ಚಿಸುವಾಗ ಅವರು ಮಾಡುತ್ತಿರುವುದು ಈ ವಿವೇಚನೆಯನ್ನೇ. ಅದೂ ಒಬ್ಬರಿಂದ ಆಗದ ಕೆಲಸ. ಒಬ್ಬ ಕೋಲು ಹಿಡಿಯಬೇಕು, ಇನ್ನೊಬ್ಬ ಹಗ್ಗ ಬಿಗಿಯಬೇಕು, ಮತ್ತೊಬ್ಬ ದೂರ ನಿಂತು ಓರೆಯಾಯಿತೆಂದು ಹೇಳಬೇಕು. ಕೊನೆಗೆ, ಒಳಗೆ ಯಾರನ್ನು ಕರೆಯಬೇಕೆಂಬುದನ್ನೂ ಎಲ್ಲರೂ ಕೂಡಿಯೇ ತೀರ್ಮಾನಿಸಬೇಕು.

ಕೂಡಿ ಕಟ್ಟುವ ಈ ಪರಂಪರೆ ನಮ್ಮ ಸೀಮೆಗೆ ಹೊಸದಲ್ಲ. ತುಂಗಭದ್ರೆಯಾಚೆ, ಗಂಗಾವತಿಯ ಸಮೀಪದ ಹಿರೇಬೆಣಕಲ್ ಬೆಟ್ಟದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಶಿಲಾಸಮಾಧಿಗಳಿವೆ. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಇವುಗಳಲ್ಲಿ ಕೆಲವಕ್ಕೆ ದುಂಡನೆಯ ಕಿಂಡಿಯೂ ಉಂಟು. ಸುತ್ತಲಿನ ಜನ ಇವನ್ನು ಸಮಾಧಿಗಳೆಂದು ಕರೆಯುವುದಿಲ್ಲ. ಮೋರ್ಯರೆಂಬ ಕುಳ್ಳರು ವಾಸವಾಗಿದ್ದ ಮನೆಗಳೆಂದು ಹೇಳುತ್ತಾರೆ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿತು. ಅಲ್ಲಿಯ ಒಂದೊಂದು ಚಪ್ಪಡಿಯನ್ನು ಎತ್ತಿ ನಿಲ್ಲಿಸಲು ಎಷ್ಟು ಕೈಗಳು ಕೂಡಿರಬೇಕೆಂದು ಯೋಚಿಸಿದರೆ ವಿಸ್ಮಯವಾಗುತ್ತದೆ.

ಆಧುನಿಕ ಜಗತ್ತು ಈ ಸತ್ಯವನ್ನು ಬೇರೊಂದು ದಾರಿಯಿಂದ ಕಂಡುಕೊಂಡಿತು. ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೊರೆನ್ಸನ್ ಎಂಬವರು, ತಾವು ಅಂದವಾಗಿ ರೂಪಿಸಿದ ಆಟದ ಬಯಲುಗಳಿಗಿಂತ ಕಟ್ಟಡ ಕಟ್ಟುವ ಸ್ಥಳದ ಹಲಗೆ, ಇಟ್ಟಿಗೆಗಳ ನಡುವೆಯೇ ಮಕ್ಕಳು ಹೆಚ್ಚು ಸಂತೋಷದಿಂದ ಆಡುವುದನ್ನು ಗಮನಿಸಿದರು. ಅವರ ಆ ಚಿಂತನೆಯ ಫಲವಾಗಿ 1943ರಲ್ಲಿ, ದೇಶವು ಪರಕೀಯ ಸೈನ್ಯದ ವಶದಲ್ಲಿದ್ದಾಗಲೇ, ಕೋಪನ್‌ಹೇಗನ್ನಿನ ಎಮ್‌ಡ್ರಪ್ ಎಂಬಲ್ಲಿ ಬೇಡವಾದ ಸಾಮಾನುಗಳಿಂದ ಮಕ್ಕಳೇ ಗುಡಿಸಲು ಕಟ್ಟಿ ಆಡುವ ಬಯಲೊಂದು ಆರಂಭವಾಯಿತು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ಆಟವನ್ನು ಪ್ರತಿಯೊಂದು ಮಗುವಿನ ಹಕ್ಕೆಂದು ಸಾರಿತು. ಭಾರತವು 1992ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಇದಕ್ಕೆ ಏಳು ಶತಮಾನಗಳ ಹಿಂದೆಯೇ ಸಂತ ತೋಮಸ್ ಅಕ್ವಿನಾಸರು, ದೇಹಕ್ಕೆ ವಿಶ್ರಾಂತಿಯಂತೆ ಮನಸ್ಸಿಗೆ ಆಟವೂ ಅಗತ್ಯವೆಂದೂ ಹಿತಮಿತವಾದ ವಿನೋದವು ಸದ್ಗುಣವೆಂದೂ ಬರೆದಿದ್ದರು.

ಇನ್ನು ಪವಿತ್ರ ಗ್ರಂಥವನ್ನು ತೆರೆದರೆ, ಇಸ್ರಯೇಲರ ಪರ್ಣಕುಟೀರಗಳ ಹಬ್ಬವು ಇಡೀ ಜನಾಂಗವೇ ಗುಡಿಸಲು ಕಟ್ಟುವ ಹಬ್ಬ. ಮರುಭೂಮಿಯಲ್ಲಿ ಅಲೆದ ಪೂರ್ವಜರ ನೆನಪು ಮಕ್ಕಳಲ್ಲಿ ಉಳಿಯಲೆಂದು ಏಳು ದಿನ ಕುಟೀರಗಳಲ್ಲಿ ವಾಸಿಸಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ಸೆರೆಯಿಂದ ಮರಳಿದ ಜನ ಬೆಟ್ಟಕ್ಕೆ ಹೋಗಿ ಓಲಿವ್, ಖರ್ಜೂರ ಮೊದಲಾದ ಮರಗಳ ರೆಂಬೆಗಳನ್ನು ತಂದು, ಮಾಳಿಗೆಗಳ ಮೇಲೆ, ಅಂಗಳಗಳಲ್ಲಿ, ದೇವಾಲಯದ ಪ್ರಾಕಾರದಲ್ಲಿಯೂ ಕುಟೀರ ಕಟ್ಟಿದರೆಂದು ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯ ತಿಳಿಸುತ್ತದೆ. ದೇವಾಲಯದ ಅಂಗಳ ಗಲೀಜಾಯಿತೆಂದು ಅಂದು ಯಾರೂ ಆಕ್ಷೇಪಿಸಿದಂತಿಲ್ಲ.

ಕೆಲವು ವರ್ಷಗಳ ಹಿಂದೆ ಅಂತಹ ಆಕ್ಷೇಪ ಮಾಡಿದವನು ನಾನು. ಆಗ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ, ಚರ್ಚಿನ ಹಿಂದಿನ ಬೇವಿನ ಮರದಡಿ ಹತ್ತು ಹನ್ನೆರಡು ಮಕ್ಕಳು ರವದಿ, ಹರಿದ ಫ್ಲೆಕ್ಸು, ಮುರಿದ ಬೆಂಚಿನ ಹಲಗೆಗಳಿಂದ ಗುಡಿಸಲು ಕಟ್ಟಿದ್ದರು. ನಮ್ಮ ಮಕ್ಕಳಷ್ಟೇ ಅಲ್ಲದೆ ನೆರೆಯ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳೂ ಅದರಲ್ಲಿದ್ದರು. ಹಬ್ಬ ಹತ್ತಿರವಾಗಿತ್ತು, ಅತಿಥಿಗಳು ಬರುವವರಿದ್ದರು. ಆ ಕಸವನ್ನು ತೆಗೆಸಿರೆಂದು ಕೆಲಸದವರಿಗೆ ಹೇಳಿದೆ. ಅರ್ಧ ಗಂಟೆಯಲ್ಲಿ ಜಾಗ ಸ್ವಚ್ಛವಾಯಿತು. ಸಂಜೆ ಧರ್ಮೋಪದೇಶದ ತರಗತಿಗೆ ಬಂದ ಒಬ್ಬ ಬಾಲಕಿ ನನ್ನೆದುರು ನಿಂತು, “ಫಾದರ್, ಅದು ಕಸ ಅಲ್ರೀ. ನಮ್ಮ ಮನಿ ಆಗಿತ್ತು” ಎಂದಳು. ಅವಳ ತಂದೆ ಕೆಲಸ ಅರಸುತ್ತ ಊರಿಂದೂರಿಗೆ ಹೋಗುವವರು; ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನರಿದ್ದರು. ತತ್ತ್ವಶಾಸ್ತ್ರ ಓದಿದ ನನ್ನ ಬಳಿ ಆ ಮಾತಿಗೆ ಉತ್ತರವಿರಲಿಲ್ಲ.

ಆ ವರ್ಷದ ಕ್ರಿಸ್ತಜಯಂತಿಗೆ ಎಂದಿನಂತೆ ಬಾಡಿಗೆಯ ಸಾಮಾನು, ಬಣ್ಣದ ದೀಪಗಳಿಂದ ಅಲಂಕೃತವಾದ ಗೋದಲಿ ಎದ್ದು ನಿಂತಿತು. ಮುಟ್ಟದಂತೆ ಸುತ್ತ ಹಗ್ಗ ಕಟ್ಟಿದ್ದೆವು. ಮಕ್ಕಳು ಹಗ್ಗದಾಚೆ ಕೈಕಟ್ಟಿ ನಿಂತು ನೋಡಿದರು. ತಂಗಲು ಸ್ಥಳ ಸಿಗದ ಕುಟುಂಬವೊಂದರ ಕಥೆಯನ್ನು ಸಾರುವ ಆ ಕೊಟ್ಟಿಗೆಯ ಮುಂದೆ, ತಾವು ಕಟ್ಟಿದ ಸೂರನ್ನು ಕಳೆದುಕೊಂಡ ಮಕ್ಕಳು! ಆ ರಾತ್ರಿಯ ಬಲಿಪೂಜೆಯಲ್ಲಿ ಪ್ರಸಂಗ ಮಾಡುವುದು ನನಗೆ ಕಷ್ಟವಾಯಿತು.

ಮರುವರ್ಷ ಗೋದಲಿಯ ಹೊಣೆಯನ್ನು ಮಕ್ಕಳಿಗೇ ವಹಿಸಿದೆವು. ಅದೇ ಬೇವಿನ ಮರದಡಿ, ಅದೇ ರವದಿ. ಮನೆ ಮನೆಯಿಂದ ಹಳೆಯ ಕೌದಿಗಳು ಬಂದವು. ಮಾಡು ಒಂದು ಕಡೆಗೆ ವಾಲಿತ್ತು. ಸಂತ ಜೋಸೆಫರ ಪ್ರತಿಮೆಗೆ ಇಟ್ಟಿಗೆಯ ಆಸರೆ ಬೇಕಾಯಿತು. ನೆರೆಮನೆಯ ಹುಡುಗನೊಬ್ಬ, ತಾನು ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದಂತಹ ಎತ್ತುಗಳನ್ನೇ ಮಾಡಿ ತಂದಿಟ್ಟ. ಆ ಹಬ್ಬದಲ್ಲಿ ಎತ್ತುಗಳ ಮುಂದಿಡುವ ಮಣ್ಣಿನ ಮೇವಿನ ತೊಟ್ಟಿಗೂ ನಮ್ಮ ರೈತರು ಗ್ವಾದಲಿ ಎಂದೇ ಅನ್ನುತ್ತಾರೆಂಬುದು ಆಗ ನನಗೆ ಹೊಳೆಯಿತು. ಹಗ್ಗ ಕಟ್ಟಲಿಲ್ಲ. ಒಳಗೆ ನಾಲ್ಕು ಮಕ್ಕಳು ಕೂರುವಷ್ಟು ಜಾಗವನ್ನು ಅವರೇ ಬಿಟ್ಟುಕೊಂಡಿದ್ದರು. ಇದೆಂಥ ಗೋದಲಿ ಎಂದು ಮೂಗು ಮುರಿದ ಹಿರಿಯರೂ ಇದ್ದರು. ಆದರೆ ಸಂಜೆ ಹೊತ್ತು ಅದರೊಳಗೆ ಒಂದು ಪುಟ್ಟ ಮಗು ನಿದ್ದೆ ಹೋದುದನ್ನು ಕಂಡ ಮೇಲೆ ಅವರೂ ಸುಮ್ಮನಾದರು.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯಲ್ಲಿದ್ದುದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಮತ್ತು ಪಂಜು ಹಿಡಿದು ಬಂದ ಊರ ಜನ. ದಿವಂಗತ ಪೋಪ್ ಫ್ರಾನ್ಸಿಸರು 2019ರಲ್ಲಿ ಅದೇ ಊರಿಗೆ ಹೋಗಿ ಸಹಿ ಮಾಡಿದ ಪತ್ರದಲ್ಲಿ, ಗೋದಲಿ ಕಟ್ಟುವ ಪರಿಪಾಠವನ್ನು ಮನೆ, ಶಾಲೆ, ಆಸ್ಪತ್ರೆ, ಸೆರೆಮನೆಗಳಲ್ಲಿಯೂ ಮುಂದುವರಿಸಬೇಕೆಂದು ಪ್ರೋತ್ಸಾಹಿಸಿದರು. ಸಂತ ಯೊವಾನ್ನರು ದೇವರ ವಾಕ್ಯವು ನಮ್ಮ ನಡುವೆ ವಾಸಮಾಡಿತೆಂದು ಹೇಳುವಾಗ ಬಳಸಿದ ಗ್ರೀಕ್ ಪದಕ್ಕೆ ಗುಡಾರ ಹಾಕಿತು ಎಂಬ ಅರ್ಥವಿದೆ. ದೇವರು ಆರಿಸಿಕೊಂಡದ್ದು ಬಿಚ್ಚಿ ಕಟ್ಟಬಹುದಾದ ಸೂರನ್ನು.

ಆದುದರಿಂದ ಓದುಗ ಕುಟುಂಬಗಳಲ್ಲಿ ಒಂದು ವಿನಂತಿ. ಬರುವ ಆಗಮನ ಕಾಲದಲ್ಲಿ, ಸಾಧ್ಯವಾದರೆ ರಜಾದಿನಗಳಲ್ಲಿಯೂ, ಅಂಗಳದ ಒಂದು ಮೂಲೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಕೋಲು, ಹಗ್ಗ, ಹಳೆಯ ಸೀರೆ, ಕೌದಿ ಕೊಡಿ. ಮೊಳೆ, ತಗಡು, ಉರಿಯುವ ಮೇಣದಬತ್ತಿ ಬೇಡ. ರವದಿಗೆ ಕಿಡಿ ತಾಗಲು ಕ್ಷಣ ಸಾಕು. ಒಣ ಎಲೆ ಹರಡುವ ಮುನ್ನ ಹಾವು ಚೇಳುಗಳಿವೆಯೇ ಎಂದು ಹಿರಿಯರು ನೋಡಿಕೊಳ್ಳಲಿ. ಹಂಪಿಯ ಸ್ಮಾರಕಗಳ ಕಲ್ಲುಗಳನ್ನು ಮುಟ್ಟಬಾರದು. ಬಂಡೆಗಳ ಪೊಟರೆಗಳು ಕರಡಿ, ಚಿರತೆಗಳ ಮನೆಗಳು, ಅಲ್ಲಿಗೆ ಮಕ್ಕಳು ಹೋಗದಿರಲಿ. ಧರ್ಮಕೇಂದ್ರಗಳ ಗೋದಲಿ ಸ್ಪರ್ಧೆಯಲ್ಲಿ ದೀಪಗಳನ್ನು ಎಣಿಸುವ ಬದಲು, ಎಷ್ಟು ಮನೆಗಳ ಮಕ್ಕಳು ಕೂಡಿ ಕಟ್ಟಿದರೆಂದು ಕೇಳೋಣ. ಹಬ್ಬ ಮುಗಿದ ಮೇಲೆ ಬಿಚ್ಚುವ ಕೆಲಸವನ್ನೂ ಅವರೇ ಮಾಡಲಿ; ಕೌದಿಗಳು ತಂದವರ ಮನೆಗೆ ಮರಳಲಿ.

ಮಕ್ಕಳು ನಿಮ್ಮನ್ನು ಒಳಗೆ ಕರೆದರೆ ಹೊತ್ತಿಲ್ಲವೆನ್ನಬೇಡಿ. ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋಗಿ ಐದು ನಿಮಿಷ ಕುಳಿತು ಬನ್ನಿ. ಬೆತ್ಲೆಹೇಮಿನ ಕೊಟ್ಟಿಗೆಗೆ ಬಂದ ಕುರುಬರೂ ಹಾಗೆಯೇ ಬಗ್ಗಿ ಒಳಗೆ ಹೋಗಿರಬೇಕು.