ಮಿತಿ 55, ಸ್ಪೀಕರ್ 75: 'ಬರೀ 20 ಡೆಸಿಬೆಲ್ ಜಾಸ್ತಿ' ಎನ್ನುವ ಲೆಕ್ಕ ಸರಿಯೇ?

ಗಣೇಶನ ಹಬ್ಬವಿರಲಿ, ಮದುವೆಯ ಡಿಜೆ ಇರಲಿ, ಬಡಾವಣೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಶಬ್ದದ ಜಗಳ ಒಮ್ಮೆಯಾದರೂ ಬಂದೇ ಬರುತ್ತದೆ. ಒಬ್ಬರು ಮೊಬೈಲ್ ಆ್ಯಪ್‌ನಲ್ಲಿ ಅಳೆದು '75 ಡೆಸಿಬೆಲ್' ಎಂಬ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಇನ್ನೊಬ್ಬರು, "ಮಿತಿ 55 ಅಲ್ವಾ? ಬರೀ 20 ಜಾಸ್ತಿ. ವರ್ಷಕ್ಕೊಂದು ದಿನ ಸಹಿಸಿಕೊಳ್ಳಿ" ಎನ್ನುತ್ತಾರೆ.

ಕೇಳುವುದಕ್ಕೆ ಈ ಮಾತು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಲೆಕ್ಕ ತಪ್ಪು. 20 ಡೆಸಿಬೆಲ್ ಜಾಸ್ತಿ ಎಂದರೆ ಶಬ್ದದ ತೀವ್ರತೆ 100 ಪಟ್ಟು ಜಾಸ್ತಿ! ಅದು ಹೇಗೆ ಎಂದು ನೋಡೋಣ.

ಡೆಸಿಬೆಲ್ ಎಂದರೆ ಏನು?

ಶಬ್ದ ಎಂದರೆ ಗಾಳಿಯಲ್ಲಿ ಸಾಗಿ ಬರುವ ಶಕ್ತಿ. ಒಂದು ಚದರ ಮೀಟರ್ ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಎಷ್ಟು ಶಕ್ತಿ ಹಾದುಹೋಗುತ್ತದೆ ಎಂಬುದೇ ಶಬ್ದದ ತೀವ್ರತೆ. ಇದನ್ನು ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಹೇಳುತ್ತಾರೆ.

ನಮ್ಮ ಕಿವಿಯ ವ್ಯಾಪ್ತಿ ಬಹಳ ದೊಡ್ಡದು. ಆರೋಗ್ಯವಂತ ಕಿವಿಗೆ ಕೇಳುವ ಅತಿ ಸಣ್ಣ ಸದ್ದಿಗೂ, ಕಿವಿ ನೋಯಿಸುವ ಸದ್ದಿಗೂ ನಡುವೆ ಸುಮಾರು 1 ಲಕ್ಷ ಕೋಟಿ ಪಟ್ಟು ಅಂತರವಿದೆ. ಇಷ್ಟು ದೊಡ್ಡ ಸಂಖ್ಯೆಗಳನ್ನು ದಿನವೂ ಬಳಸುವುದು ಕಷ್ಟ. ಹಾಗಾಗಿ ಸೊನ್ನೆಗಳನ್ನು ಎಣಿಸುವ ಒಂದು ಅಳತೆ ಮಾಡಿಕೊಂಡರು. ಅದೇ ಡೆಸಿಬೆಲ್. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರಿನಿಂದ 'ಬೆಲ್' ಬಂತು. ಬೆಲ್‌ನ ಹತ್ತನೇ ಒಂದು ಭಾಗವೇ ಡೆಸಿಬೆಲ್.

ಲೆಕ್ಕ ಹಾಕುವುದು ಹೇಗೆ?

ಸೂತ್ರ ಇಷ್ಟೇ:

ಡೆಸಿಬೆಲ್ = 10 × ಲಾಗ್ (ಶಬ್ದದ ತೀವ್ರತೆ ÷ ಆಧಾರ ತೀವ್ರತೆ)

ಆಧಾರ ತೀವ್ರತೆ ಎಂದರೆ ಕಿವಿಗೆ ಕೇಳುವ ಅತಿ ಸಣ್ಣ ಸದ್ದಿನ ತೀವ್ರತೆ, ಅಂದರೆ ಒಂದು ವ್ಯಾಟ್‌ನ 1 ಲಕ್ಷ ಕೋಟಿಯಲ್ಲಿ ಒಂದು ಭಾಗ. ಲಾಗ್ ಎಂಬ ಹೆಸರಿಗೆ ಹೆದರಬೇಕಿಲ್ಲ. 10ರ ಲಾಗ್ 1, 100ರ ಲಾಗ್ 2, 1,000ದ ಲಾಗ್ 3. ಸೊನ್ನೆಗಳನ್ನು ಎಣಿಸಿದರೆ ಸಾಕು.

ಹಾಗಾಗಿ ಪ್ರತಿ 10 ಡೆಸಿಬೆಲ್ ಏರಿದಾಗ ತೀವ್ರತೆ 10 ಪಟ್ಟು ಆಗುತ್ತದೆ. 20 ಏರಿದರೆ 10 × 10, ಅಂದರೆ 100 ಪಟ್ಟು. 30 ಏರಿದರೆ 1,000 ಪಟ್ಟು. ಗ್ರೂಪ್‌ನಲ್ಲಿ ಹೇಳಿದ 'ಬರೀ 20' ನಿಜವಾಗಿ 100 ಪಟ್ಟು.

ಎರಡು ಸ್ಪೀಕರ್ ಇಟ್ಟರೆ 180 ಡೆಸಿಬೆಲ್ ಆಗುತ್ತದೆಯೇ?

ಇಲ್ಲ. ಇದು ತಿರುಗುಮುರುಗಾದ ತಪ್ಪು. ಒಂದು ಸ್ಪೀಕರ್‌ನಿಂದ 90 ಡೆಸಿಬೆಲ್ ಬರುತ್ತಿದೆ ಎಂದುಕೊಳ್ಳಿ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಇಟ್ಟರೆ ತೀವ್ರತೆ ಎರಡು ಪಟ್ಟಾಗುತ್ತದೆ. 2ರ ಲಾಗ್ ಸುಮಾರು 0.3. ಅದನ್ನು 10ರಿಂದ ಗುಣಿಸಿದರೆ 3. ಆದ್ದರಿಂದ ಒಟ್ಟು ಸುಮಾರು 93 ಡೆಸಿಬೆಲ್. 100 ಡೆಸಿಬೆಲ್ ಮುಟ್ಟಲು ಅಂಥ 10 ಸ್ಪೀಕರ್ ಬೇಕು. ಮೀಟರ್‌ನಲ್ಲಿ ಸಣ್ಣದಾಗಿ ಕಾಣುವ 3 ಎಂಬ ಅಂಕಿಯ ಹಿಂದೆ ಒಂದು ಇಡೀ ಸ್ಪೀಕರ್ ಇದೆ ಎಂಬುದು ನೆನಪಿರಲಿ.

ಹಾಗಾದರೆ ಕಿವಿಗೆ ಅಷ್ಟು ಜೋರು ಅನ್ನಿಸುವುದಿಲ್ಲ ಯಾಕೆ?

ಇಲ್ಲೇ ಅಪಾಯ ಇರುವುದು. ತೀವ್ರತೆ 10 ಪಟ್ಟು ಹೆಚ್ಚಿದರೂ ನಮಗೆ ಸುಮಾರು ಎರಡು ಪಟ್ಟು ಜೋರಾದಂತೆ ಮಾತ್ರ ಅನ್ನಿಸುತ್ತದೆ. 100 ಪಟ್ಟು ಹೆಚ್ಚಿದರೆ ಸುಮಾರು ನಾಲ್ಕು ಪಟ್ಟು. ಆದರೆ ಒಳಗಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳ ಮೇಲೆ ಬೀಳುವುದು ಪೂರ್ತಿ 100 ಪಟ್ಟು ಶಕ್ತಿ. ಈ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ, ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಹೆಚ್ಚೆಂದರೆ 8 ಗಂಟೆ ಇರಬಹುದು. ನಂತರ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ:

- 88 ಡೆಸಿಬೆಲ್: 4 ಗಂಟೆ
- 91 ಡೆಸಿಬೆಲ್: 2 ಗಂಟೆ
- 94 ಡೆಸಿಬೆಲ್: 1 ಗಂಟೆ
- 97 ಡೆಸಿಬೆಲ್: 30 ನಿಮಿಷ
- 100 ಡೆಸಿಬೆಲ್: 15 ನಿಮಿಷ

3 ಏರಿದರೆ ತೀವ್ರತೆ ಎರಡು ಪಟ್ಟು, ಆದ್ದರಿಂದ ಸಮಯ ಅರ್ಧ. 'ಒಂದೇ ದಿನ ತಾನೇ' ಎನ್ನುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ಕಾನೂನು ಏನು ಹೇಳುತ್ತದೆ?

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಹಾಕಿದಾಗ, ಆ ಜಾಗದ ಗಡಿಯಲ್ಲಿ ಶಬ್ದವು ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. "75ರವರೆಗೆ ಪರವಾಗಿಲ್ಲ" ಎನ್ನುವವರು 'ಯಾವುದು ಕಡಿಮೆಯೋ ಅದು' ಎಂಬ ಮಾತನ್ನು ಬಿಟ್ಟುಬಿಡುತ್ತಾರೆ. ವಸತಿ ಪ್ರದೇಶದಲ್ಲಿ ಹಗಲು ಹೊತ್ತು ಅದು 65 ಮಾತ್ರ.

ಮೊಬೈಲ್ ಆ್ಯಪ್ ನಂಬಬಹುದೇ?

ಅಂದಾಜಿಗೆ ಸಾಕು, ಸಾಕ್ಷಿಗೆ ಸಾಲದು. ಫೋನಿನಿಂದ ಫೋನಿಗೆ ಮೈಕ್ ಬೇರೆಯಾದ್ದರಿಂದ ಒಂದೇ ಜಾಗದಲ್ಲಿ ಎರಡು ಫೋನು ಬೇರೆ ಬೇರೆ ಅಂಕಿ ತೋರಿಸಬಹುದು. ಕಾನೂನಿನ ಮಿತಿಯೂ ಒಂದು ಕ್ಷಣದ ಅಂಕಿಯಲ್ಲ, ಒಂದಿಷ್ಟು ಹೊತ್ತಿನ ಸರಾಸರಿ.

ನಾವು ಮಾಡಬಹುದಾದದ್ದು ಏನು?

ಸ್ಪೀಕರ್‌ನಿಂದ ದೂರ ಸರಿಯಿರಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 5 ಮೀಟರ್ ದೂರದಲ್ಲಿ 100 ಇದ್ದದ್ದು 20 ಮೀಟರ್‌ನಲ್ಲಿ ಸುಮಾರು 88. ಅಂದರೆ ಕಿವಿಗೆ ಸಿಗುವ ಸಮಯ 15 ನಿಮಿಷದಿಂದ 4 ಗಂಟೆಗೆ ಏರುತ್ತದೆ. ಎರಡೂ ಕಡೆ ಗೋಡೆಗಳಿರುವ ಇಕ್ಕಟ್ಟಾದ ಬೀದಿಯಲ್ಲಿ ಇಷ್ಟು ಇಳಿಯುವುದಿಲ್ಲ. ಮಕ್ಕಳನ್ನು ಸ್ಪೀಕರ್ ಮುಂದೆ ನಿಲ್ಲಿಸಬೇಡಿ. ಮನೆಗೆ ಬಂದ ಮೇಲೂ ಕಿವಿ ಗುಂಯ್ ಎನ್ನುವುದು ನಿಲ್ಲದಿದ್ದರೆ, ಅಥವಾ ಕೇಳುವುದು ಮಂದವಾದರೆ, ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಿ.

ಮುಂದಿನ ಸಲ ಗ್ರೂಪ್‌ನಲ್ಲಿ ಯಾರಾದರೂ 'ಬರೀ 20 ಡೆಸಿಬೆಲ್' ಎಂದರೆ ಜಗಳ ಬೇಡ. '10 ಏರಿದರೆ 10 ಪಟ್ಟು, 20 ಏರಿದರೆ 100 ಪಟ್ಟು' ಎಂಬ ಈ ಒಂದು ಸಾಲು ಕಳಿಸಿ. ಸಾಧ್ಯವಾದರೆ ಡಿಜೆ ಬುಕ್ ಮಾಡುವ ಮೊದಲೇ ಕಳಿಸಿ.