ನೈರೋಬಿಯ ಕಿಟಕಿಗೆ ಒಂದು ಉದ್ದನೆಯ ಹೊಲಿಗೆ

ಹೊಲಿಗೆ ಕಲಿಯುವವರಿಗೆ ಮೊದಲು ಕರ್ಟನ್ ಹೊಲಿಯಲು ಹೇಳುವುದು ರೂಢಿ. ತೋಳಿಲ್ಲ, ಕಾಲರ್ ಇಲ್ಲ, ಮೈಯಳತೆಯ ಗೊಡವೆಯಿಲ್ಲ; ನಾಲ್ಕು ಕಡೆ ನೇರ ಹೊಲಿಗೆ ಹಾಕಿದರೆ ಮುಗಿಯಿತು ಎಂಬ ಲೆಕ್ಕ. ಈ ಮಾತು ಅರ್ಧ ಮಾತ್ರ ನಿಜ. ಗೆರೆ ನೇರವಾಗಿದ್ದರೆ ಕೈಗೆ ಸುಲಭ. ಆದರೆ ಗೆರೆ ಉದ್ದವಾದಷ್ಟೂ ಯಂತ್ರಕ್ಕೆ ಕಷ್ಟ. ರವಿಕೆಯ ಹೊಲಿಗೆ ಒಂದೆರಡು ಗೇಣಿನಲ್ಲಿ ಮುಗಿದು ತಿರುಗಿಬಿಡುತ್ತದೆ. ಅಲ್ಲಿ ಆದ ಸಣ್ಣ ತಪ್ಪು ಅಲ್ಲಿಗೇ ನಿಲ್ಲುತ್ತದೆ. ಎರಡೂವರೆ ಮೀಟರ್ ಪರದೆಯಲ್ಲಿ ಅದೇ ತಪ್ಪು ಹೊಲಿಗೆಯಿಂದ ಹೊಲಿಗೆಗೆ ಕೂಡುತ್ತಾ ಹೋಗಿ ಕೊನೆಗೆ ಕಣ್ಣಿಗೆ ಹೊಡೆಯುತ್ತದೆ. ಹೊಲಿಗೆ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂದು ನೋಡಲು ಪರದೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅದನ್ನು ನೋಡಿದವರಿಗೆ ಇನ್ನೊಂದೂ ಹೊಳೆಯಬೇಕು: ಪರದೆಯನ್ನು ಆ ಕಿಟಕಿ ಇರುವ ಮನೆಯಲ್ಲೇ, ನಿಧಾನವಾಗಿ, ಎರಡು ಕಂತಿನಲ್ಲಿ ಹೊಲಿಯುವುದೇ ಸರಿ. ಇದು ನನ್ನ ವಾದ.

ಈ ವಾದಕ್ಕೆ ನೈರೋಬಿ ಒಳ್ಳೆಯ ನೆಲ. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಬರೀ ಒಂದೂಕಾಲು ಡಿಗ್ರಿ ಚಿಲ್ಲರೆ, ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರ. ಬೆಂಗಳೂರಿನ ಮನೆಗಳಿಗೆ ವರ್ಷದ ಬಹುಪಾಲು ಬಿಸಿಲು ದಕ್ಷಿಣದಿಂದ ವಾಲಿ ಬರುತ್ತದೆ. ನೈರೋಬಿಯಲ್ಲಿ ಸೂರ್ಯ ಹೆಚ್ಚುಕಡಿಮೆ ಅರ್ಧ ವರ್ಷ ಉತ್ತರಕ್ಕೆ, ಅರ್ಧ ವರ್ಷ ದಕ್ಷಿಣಕ್ಕೆ ಇರುತ್ತಾನೆ. ಜೂನ್ ಆಗಲಿ ಡಿಸೆಂಬರ್ ಆಗಲಿ, ನಡುಹಗಲಿಗೆ ದಿಗಂತದಿಂದ 65 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಮಧ್ಯಾಹ್ನದ ಬಿಸಿಲನ್ನು ಕಿಟಕಿಯ ಸಜ್ಜಾ ನೋಡಿಕೊಳ್ಳುತ್ತದೆ. ಪರದೆಯ ಪಾಲಿಗೆ ಬರುವುದು ಪೂರ್ವ ಪಶ್ಚಿಮದ ಓರೆ ಬಿಸಿಲು, ಅದೂ ಋತುಭೇದವಿಲ್ಲದೆ ವರ್ಷದ ಎಲ್ಲ ತಿಂಗಳು; ಸೂರ್ಯೋದಯದ ಹೊತ್ತು ಅಲ್ಲಿ ವರ್ಷಕ್ಕೆ ಅರ್ಧ ಗಂಟೆಯಷ್ಟು ಮಾತ್ರ ಆಚೀಚೆ ಆಗುತ್ತದೆ. ಎತ್ತರ ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣಗಳ ಪ್ರಮಾಣ ಶೇ. 10ರಿಂದ 12ರಷ್ಟು ಹೆಚ್ಚುತ್ತದೆ. ಕಿಟಕಿಯ ಗಾಜು ಅದರಲ್ಲಿ ಒಂದು ಭಾಗವನ್ನು ತಡೆದರೂ ಬಣ್ಣವನ್ನು ಕೆಡಿಸಲು ಉಳಿದದ್ದೇ ಸಾಕು. ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿಗಳು 12 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ, ಸಾಮಾನ್ಯ ಮನೆಗಳಲ್ಲಿ ಹೀಟರ್ ಇರುವುದಿಲ್ಲ, ಕಿಟಕಿಗೆ ಒಂದೇ ಪದರದ ಗಾಜು. ಬಿಸಿಲು ತಡೆಯುವ, ಬೆಚ್ಚಗಿಡುವ ಎರಡೂ ಕೆಲಸ ಒಂದೇ ಬಟ್ಟೆಯ ತಲೆಗೆ ಬರುತ್ತದೆ.

ಆ ಬಟ್ಟೆಯ ವ್ಯಾಪಾರದ ಕಥೆ ರೈಲಿನಿಂದ ಶುರುವಾಗುತ್ತದೆ. ಉಗಾಂಡಾ ರೈಲ್ವೆಯ ಹಳಿ 1899ರಲ್ಲಿ ನೈರೋಬಿಯನ್ನು ಮುಟ್ಟಿತು. ಊರು ಹುಟ್ಟಿದ್ದೇ ಆಗ. ಹಳಿಯ ಹಿಂದೆಯೇ ಭಾರತದ ವರ್ತಕರು ಬಂದರು. ಅವರ ಇಂಡಿಯನ್ ಬಜಾರ್ ಇದ್ದ ಬೀದಿ ಇಂದು ಬಿಯಾಶಾರಾ ಸ್ಟ್ರೀಟ್, ಈಗಲೂ ಬಟ್ಟೆ ಅಂಗಡಿಗಳ ಸಾಲು. ಪರದೆ ಬಟ್ಟೆಯ ಸಗಟು ವ್ಯಾಪಾರ ಈಗ ಹೆಚ್ಚಾಗಿ ಸೋಮಾಲಿ ವರ್ತಕರ ಈಸ್ಟ್‌ಲೀ ಬಡಾವಣೆಯಲ್ಲಿದೆ. ಹೊಲಿಯುವವರು ಊರೆಲ್ಲಾ ಇದ್ದಾರೆ: ಕಿರಿದಾದ ಜಗಲಿಯಲ್ಲಿ ಕಪ್ಪು ಮೈಯ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ (ಅಲ್ಲಿ ಅದಕ್ಕೆ ಚೆರೆಹಾನಿ ಎನ್ನುತ್ತಾರೆ) ಇಟ್ಟುಕೊಂಡ ಫುಂಡಿಗಳು, ಅಂದರೆ ಅಲ್ಲಿನ ದರ್ಜಿಗಳು. ನಮ್ಮೂರಿನ ಟೈಲರ್ ಕೈಗೆ ಅದನ್ನು ಕೊಟ್ಟರೆ ಒಂದು ಪ್ರಶ್ನೆಯನ್ನೂ ಕೇಳದೆ ಹೊಲಿಯಲು ಕೂರಬಲ್ಲರು, ಯಂತ್ರ ಅಷ್ಟು ಒಂದೇ.

ಆ ಯಂತ್ರದ ಹೊಟ್ಟೆಯೊಳಗೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಕೈಸೂಜಿಯ ಕಣ್ಣು ಹಿಂಬದಿಯಲ್ಲಿದ್ದರೆ ಯಂತ್ರದ ಸೂಜಿಯ ಕಣ್ಣು ತುದಿಯ ಬಳಿ. ಸೂಜಿ ಮೇಲಿನ ದಾರವನ್ನು ಹೊತ್ತು ಬಟ್ಟೆಯನ್ನು ತೂರಿ ತಳ ಮುಟ್ಟುತ್ತದೆ. ಮತ್ತೆ ಮೇಲೇಳತೊಡಗಿ ಎರಡು ಮಿಲಿಮೀಟರ್‌ನಷ್ಟು ಏರುವಾಗ ಬಟ್ಟೆ ದಾರವನ್ನು ಹಿಡಿದುಕೊಳ್ಳುವುದರಿಂದ ಸೂಜಿಯ ಬೆನ್ನಲ್ಲಿ ದಾರದ ಸಣ್ಣ ಕುಣಿಕೆ ಉಬ್ಬುತ್ತದೆ. ಅದೇ ಕ್ಷಣಕ್ಕೆ ಷಟಲ್ಲಿನ ಕೊಕ್ಕೆ ಬಂದು ಕುಣಿಕೆಯನ್ನು ಸಿಕ್ಕಿಸಿಕೊಂಡು, ಹಿಗ್ಗಿಸಿ, ಇಡೀ ಬಾಬಿನ್ನಿನ ಸುತ್ತ ದಾಟಿಸುತ್ತದೆ. ಮೇಲಿನ ಸನ್ನೆ ದಾರವನ್ನು ಎಳೆದುಕೊಳ್ಳುತ್ತದೆ, ಎರಡು ದಾರಗಳು ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ತಬ್ಬಿ ನಿಲ್ಲುತ್ತವೆ. ಇದಕ್ಕೆ ಲಾಕ್ ಸ್ಟಿಚ್ ಎನ್ನುತ್ತಾರೆ. ಫ್ರಾನ್ಸಿನ ಬಾರ್ತೆಲೆಮಿ ತಿಮೋನಿಯೆ 1830ರಲ್ಲಿ ಪೇಟೆಂಟ್ ಪಡೆದ ಯಂತ್ರದ್ದು ಒಂದೇ ದಾರದ ಸರಪಳಿ ಹೊಲಿಗೆ; ಅದರ ಕೊನೆಯ ತುದಿ ಬಿಟ್ಟುಕೊಂಡರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಲಾಕ್ ಸ್ಟಿಚ್ಚಿನಲ್ಲಿ ಒಂದೆಡೆ ದಾರ ಹರಿದರೆ ಅಕ್ಕಪಕ್ಕದ ಹೊಲಿಗೆಗಳು ಹಿಡಿದುಕೊಂಡೇ ಇರುತ್ತವೆ. ಬಿಸಿಲಿಗೆ ದಾರ ಅಲ್ಲಲ್ಲಿ ಸತ್ವ ಕಳೆದುಕೊಳ್ಳುವ ಪರದೆಗೆ ಇದು ದೊಡ್ಡ ಉಪಕಾರ. ಗಾಜಿನ ಹಿಂದಿನ ಬಿಸಿಲಿಗೆ ಹತ್ತಿಯ ದಾರಕ್ಕಿಂತ, ನೈಲಾನಿಗಿಂತ ಪಾಲಿಯೆಸ್ಟರ್ ದಾರ ಹೆಚ್ಚು ಬಾಳುತ್ತದೆ. ಅದನ್ನು ಹಾಳುಮಾಡುವ ಅಲೆಗಳನ್ನು ಬಹುಮಟ್ಟಿಗೆ ಗಾಜೇ ಹೀರಿಕೊಳ್ಳುತ್ತದೆ.

ಸೂಜಿ ಮತ್ತು ಕುಣಿಕೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಪರದೆಗೆ ಬೇಕಾದ ಶೋಧ ಬೇರೆಯೇ, ಅದರ ಬಗ್ಗೆ ಮಾತಾಡುವವರು ಕಡಿಮೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಲಾಕ್ ಸ್ಟಿಚ್ ಯಂತ್ರದಲ್ಲಿ ಬಟ್ಟೆಯನ್ನು ಒಂದು ಲೋಹದ ಪಟ್ಟಿಯ ಮುಳ್ಳುಗಳಿಗೆ ಸಿಕ್ಕಿಸಬೇಕಿತ್ತು. ಪಟ್ಟಿ ಮುಗಿಯುವವರೆಗೆ ಹೊಲಿಗೆ. ಆಮೇಲೆ ಯಂತ್ರ ನಿಲ್ಲಿಸಿ, ಬಟ್ಟೆ ಬಿಡಿಸಿ, ಮತ್ತೆ ಮುಳ್ಳಿಗೆ ಸಿಕ್ಕಿಸಬೇಕು. ಅದರಲ್ಲಿ ಒಂದು ಪರದೆಯ ಅಂಚನ್ನು ಎಡೆಬಿಡದೆ ಹೊಲಿಯುವಂತೆಯೇ ಇರಲಿಲ್ಲ. ಐಸಾಕ್ ಸಿಂಗರ್ 1851ರ ಯಂತ್ರದಲ್ಲಿ ಬಟ್ಟೆಯನ್ನು ಮೇಜಿನ ಮೇಲೆ ಮಲಗಿಸಿ, ಮೇಲಿಂದ ಒತ್ತುವ ಪಾದ ಕೊಟ್ಟರು. ಅಲೆನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದ ನಾಲ್ಕು ಚಲನೆಯ ಹಲ್ಲುಪಟ್ಟಿ ಈ ಸಮಸ್ಯೆಯನ್ನು ನಿಜವಾಗಿ ಬಗೆಹರಿಸಿತು: ಸೂಜಿ ಬಟ್ಟೆಯಿಂದ ಹೊರಗಿರುವಾಗ ತಟ್ಟೆಯ ಕೆಳಗಿನ ಹಲ್ಲುಗಳು ಮೇಲೆದ್ದು ಬಟ್ಟೆಯನ್ನು ಹಿಡಿಯುತ್ತವೆ, ಒಂದು ಹೊಲಿಗೆಯಷ್ಟು ಹಿಂದಕ್ಕೆ ತಳ್ಳುತ್ತವೆ, ಕೆಳಗಿಳಿಯುತ್ತವೆ, ಖಾಲಿಯಾಗಿ ಮುಂದಕ್ಕೆ ಬರುತ್ತವೆ. ಇದರಿಂದ ಹೊಲಿಗೆಯ ಉದ್ದಕ್ಕೆ ಮಿತಿಯೇ ಇಲ್ಲದಂತಾಯಿತು. ಇಂದಿಗೂ ಬಿಯಾಶಾರಾ ಬೀದಿಯ ಯಂತ್ರವನ್ನಾಗಲಿ ಬಳ್ಳಾರಿಯ ಯಂತ್ರವನ್ನಾಗಲಿ ತಿರುಗಿಸಿ ನೋಡಿದರೆ ಅದೇ ಹಲ್ಲುಗಳು.

ಪರದೆಯ ತೊಂದರೆ ಹುಟ್ಟುವುದೂ ಅದೇ ಹಲ್ಲುಗಳಿಂದ. ಒಂದೂವರೆ ಮೀಟರ್ ಅಗಲದ ಸರಳಿಗೆ ನೆರಿಗೆ ತುಂಬಿ ಬರಬೇಕಾದರೆ ಅದರ ಎರಡರಷ್ಟು, ಅಂದರೆ ಮೂರು ಮೀಟರ್ ಬಟ್ಟೆ ಬೇಕು. ಪರದೆ ಬಟ್ಟೆ ಸಾಮಾನ್ಯವಾಗಿ 140 ಸೆಂಟಿಮೀಟರ್ ಪನ್ನದ್ದು. ಮಡಿಕೆಗೂ ಸೇರಿಸಿ ಎರಡು ಪನ್ನಕ್ಕಿಂತ ಹೆಚ್ಚೇ ಬೇಕಾಗಿ, ತಲೆಯಿಂದ ಬುಡದವರೆಗೆ ಜೋಡಿಸುವ ಉದ್ದ ಹೊಲಿಗೆ ತಪ್ಪಿದ್ದಲ್ಲ. ಹಲ್ಲು ತಳ್ಳುವುದು ಕೆಳಗಿನ ಪದರವನ್ನು ಮಾತ್ರ. ಮೇಲಿನ ಪದರವನ್ನು ಒತ್ತುವ ಪಾದ ಸ್ವಲ್ಪ ಹಿಡಿದೆಳೆಯುತ್ತದೆ, ಅದು ಕೂದಲೆಳೆಯಷ್ಟು ಹಿಂದುಳಿಯುತ್ತದೆ. ಲೆಕ್ಕ ಹಾಕಿ: 2.4 ಮೀಟರ್ ಉದ್ದದಲ್ಲಿ 3 ಮಿಲಿಮೀಟರ್‌ನ ಹೊಲಿಗೆಗಳು 800 ಬೀಳುತ್ತವೆ. ಪ್ರತಿ ಹೊಲಿಗೆಗೆ ಮಿಲಿಮೀಟರ್‌ನ ಐವತ್ತನೇ ಒಂದು ಪಾಲು ಜಾರಿದರೂ ಕೊನೆಯಲ್ಲಿ ಒಂದು ಪನ್ನ ಇನ್ನೊಂದಕ್ಕಿಂತ 16 ಮಿಲಿಮೀಟರ್ ಉದ್ದ ಉಳಿಯುತ್ತದೆ. ಹೂವಿನ ವಿನ್ಯಾಸವಿದ್ದರೆ ಮೇಲೆ ಕೂಡಿದ ಎಸಳು ಕೆಳಗೆ ಕೂಡುವುದಿಲ್ಲ. ಉಳಿದದ್ದನ್ನು ಎಳೆದು ಸರಿದೂಗಿಸಿದರೆ ಹೊಲಿಗೆಯ ಸಾಲೇ ಸುಕ್ಕುಗಟ್ಟಿ ಪರದೆ ಒಂದು ಬದಿಗೆ ತಿರುಚಿಕೊಳ್ಳುತ್ತದೆ. ಪಾದದ ಒತ್ತಡ ಸಡಿಲಿಸುವುದು, ಗೇಣಿಗೊಂದು ಪಿನ್ ಚುಚ್ಚುವುದು ಅಥವಾ ಮೊದಲೇ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದು, ಎರಡೂ ಪದರಗಳನ್ನು ಹಿಂದೆ ಮುಂದೆ ಬಿಗಿಯಾಗಿ ಹಿಡಿದು ಸಾವಕಾಶವಾಗಿ ಬಿಡುವುದು, ಪರಿಹಾರವೆಲ್ಲ ಇಷ್ಟೇ. ಇವೆಲ್ಲಕ್ಕೂ ವೇಗ ಶತ್ರು. ಗಾರ್ಮೆಂಟ್ ಕಾರ್ಖಾನೆಯ ಯಂತ್ರ ನಿಮಿಷಕ್ಕೆ 5,000 ಹೊಲಿಗೆಯವರೆಗೆ ಓಡುತ್ತದೆ. ಕಾಲಿನ ಯಂತ್ರ ಅದರ ಹತ್ತರಲ್ಲೊಂದು ಪಾಲೂ ಓಡಬೇಕಿಲ್ಲ. ಆರೋಗ್ಯವಂತರು ತುಳಿದು 50ರಿಂದ 75 ವಾಟ್ ಶಕ್ತಿಯನ್ನು ಆಯಾಸವಿಲ್ಲದೆ ಕೊಡಬಲ್ಲರು, ಹೊಲಿಗೆಗೆ ಅಷ್ಟು ಧಾರಾಳ. ತುಳಿಯುವ ಕಾಲು ನಿಂತ ಕಡೆ ಸೂಜಿ ನಿಲ್ಲುತ್ತದೆ. 2023ರ ಆಗಸ್ಟ್‌ನಲ್ಲಿ ಕೀನ್ಯಾದ ಬಹುಭಾಗ ಕತ್ತಲಲ್ಲಿ ಮುಳುಗಿದಂಥ ದಿನಗಳಲ್ಲೂ ಅದಕ್ಕೆ ಬೇಕಾದ್ದು ಕಿಟಕಿಯ ಬೆಳಕು ಮಾತ್ರ.

ಇಷ್ಟಾದರೂ ಕೆಲಸ ಅರ್ಧಕ್ಕೇ ಬಂತು, ಏಕೆಂದರೆ ಬಟ್ಟೆಯೂ ಸುಮ್ಮನಿರುವುದಿಲ್ಲ. ಮೇಜಿನ ಮೇಲೆ ಅಳೆದ ಉದ್ದ ನೇತುಹಾಕಿದ ಮೇಲೆ ಉಳಿಯುವುದಿಲ್ಲ. ತನ್ನದೇ ಭಾರಕ್ಕೆ ಹಾಸಿನ ಎಳೆಗಳು ನೇರವಾಗುತ್ತವೆ, ನೇಯ್ಗೆ ಕೊಂಚ ಜಗ್ಗುತ್ತದೆ. ಲಿನನ್, ವಿಸ್ಕೋಸ್, ಹತ್ತಿಯ ನಾರುಗಳು ಗಾಳಿಯ ತೇವ ಹೀರಿ ಉಬ್ಬುತ್ತವೆ. ಹಾಗಾಗಿ ಮಾರ್ಚ್‌ನಿಂದ ಮೇವರೆಗಿನ ನೈರೋಬಿಯ ದೀರ್ಘ ಮಳೆಗಾಲದಲ್ಲಿ ಒಂದು ಉದ್ದ, ಒಣ ತಿಂಗಳಲ್ಲಿ ಇನ್ನೊಂದು. ಪರದೆ ಬಟ್ಟೆಯ ವ್ಯಾಪಾರದಲ್ಲಿ ಶೇ. 3ರಷ್ಟು ವ್ಯತ್ಯಾಸವನ್ನು ಸಹಜವೆಂದೇ ಎಣಿಸುತ್ತಾರೆ, 2.4 ಮೀಟರ್‌ಗೆ ಅದು ಏಳು ಸೆಂಟಿಮೀಟರ್. ನೆಲಕ್ಕೆ ಒಂದು ಬೆರಳು ಮೇಲೆ ನಿಲ್ಲಬೇಕಾದ ಪರದೆ ನೆಲ ಗುಡಿಸತೊಡಗುವುದು ಹೀಗೆ. ಆದ್ದರಿಂದ ಮೊದಲು ಬಟ್ಟೆ ನೆನೆಸಿ ಒಣಗಿಸಬೇಕು, ಮೇಲಿನ ತಲೆಪಟ್ಟಿ ಮತ್ತು ಪಕ್ಕದ ಅಂಚುಗಳನ್ನು ಹೊಲಿಯಬೇಕು, ಬುಡವನ್ನು ಪಿನ್ ಹಾಕಿ ಬಿಟ್ಟು ಅದೇ ಸರಳಿಗೆ ಕೆಲವು ದಿನ ನೇತುಹಾಕಬೇಕು. ಜಗ್ಗುವುದೆಲ್ಲ ಜಗ್ಗಿದ ಮೇಲೆ ನೆಲದಿಂದ ಮೇಲಕ್ಕೆ ಅಳೆದು ಬುಡದ ಮಡಿಕೆ ಹೊಲಿಯಬೇಕು. ಈ ಕಾಯುವಿಕೆಯನ್ನು ಹಣಕ್ಕೆ ಕೊಳ್ಳಲಾಗದು. ಅಂಗಡಿಯವರಿಗೆ ನಿಮ್ಮ ಕಿಟಕಿಯಿಲ್ಲ, ನಿಮ್ಮ ನೆಲದ ಓರೆಯಿಲ್ಲ, ಕೆಲವು ದಿನ ಬಿಟ್ಟು ಮತ್ತೆ ಬರುವ ಬಿಡುವಿಲ್ಲ.

ಸರಳಿನ ಮೇಲೆ ಇಳಿಬಿಡುವ ಝಾಲರಿಯನ್ನು ಬರೀ ಅಲಂಕಾರ ಎಂದು ಕೈಬಿಡುವವರಿದ್ದಾರೆ. ನೈರೋಬಿಯ ಜುಲೈ ರಾತ್ರಿ ಅದರ ಕೆಲಸವನ್ನು ತೋರಿಸುತ್ತದೆ. ಕೋಣೆಯ ಬೆಚ್ಚನೆಯ ಗಾಳಿ ಮೇಲೇರಿ, ಪರದೆಯ ನೆತ್ತಿಯ ಸಂದಿನಿಂದ ಹಿಂದಕ್ಕೆ ನುಸುಳಿ, ತಣ್ಣನೆಯ ಗಾಜಿಗೆ ತಾಗಿ ಭಾರವಾಗಿ ಕೆಳಗಿಳಿದು, ಬುಡದಿಂದ ಪಾದಗಳ ಮೇಲೆ ಹರಿಯುತ್ತದೆ. ಪರದೆ ಮುಚ್ಚಿದ್ದರೂ ಕಾಲು ತಣ್ಣಗಾಗುವುದು ಈ ಸುತ್ತಿನಿಂದ. ಮೇಲಿನ ಸಂದನ್ನು ಮುಚ್ಚಿದರೆ ಸುತ್ತು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ತೆಳ್ಳನೆಯ ಬಟ್ಟೆ ಸಾಲದು: ಝಾಲರಿಗೆ ಅಸ್ತರು ಕೊಟ್ಟು, ಅದರ ಎರಡು ತುದಿಗಳನ್ನು ಗೋಡೆಯವರೆಗೆ ಮಡಿಸಿ ತರಬೇಕು, ಮೇಲ್ಭಾಗ ಹಲಗೆಗೆ ಅಂಟಿಕೊಂಡಿರಬೇಕು. ಕಿಟಕಿಯ ಮೇಲೆ ಸದಾ ತೆರೆದ ಗಾಳಿಗಿಂಡಿ ಇರುವ ಮನೆಗಳಲ್ಲಿ ಮಾತ್ರ ಅದನ್ನು ಝಾಲರಿಯಿಂದ ಪೂರ್ತಿ ಮುಚ್ಚಬಾರದು. ಒಳಗೆ ಗ್ಯಾಸ್ ಅಥವಾ ಇದ್ದಿಲು ಉರಿಸುವ ಮನೆಗೆ ಆ ಗಿಂಡಿ ಜೀವ ಉಳಿಸುವ ದಾರಿ. ಅಲ್ಲಿ ಸರಳನ್ನೇ ಗಿಂಡಿಯ ಕೆಳಗೆ ಹಾಕಿ ಝಾಲರಿಯ ಅಳತೆ ಕಡಿಮೆ ಮಾಡಬೇಕು. ಇಂಥ ತೀರ್ಮಾನವನ್ನೂ ಆ ಕಿಟಕಿಯ ಮುಂದೆ ನಿಂತವರೇ ಮಾಡಬಲ್ಲರು.

ಫುಂಡಿಗಳ ಕೈಯಿಂದ ಕೆಲಸ ಕಸಿದುಕೊಳ್ಳುವ ಮಾತಲ್ಲವೇ ಇದು ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ಗಂಭೀರವಾದದ್ದು. ಅವರ ಕೈ ಮನೆಯಲ್ಲಿ ಹೊಲಿಯುವವರ ಕೈಗಿಂತ ಪಳಗಿದ್ದು. ಕೋಟು, ಶಾಲೆಯ ಸಮವಸ್ತ್ರ, ಗಿಕೊಂಬಾ ಮಾರುಕಟ್ಟೆಯಲ್ಲಿ ಹಳೆಯ ಬಟ್ಟೆಯನ್ನು ಹೊಸ ಮೈಗೆ ಹೊಂದಿಸುವ ಕೆಲಸ, ಇವಕ್ಕೆ ಅವರೇ ಬೇಕು. ಪರದೆಯ ಉದ್ದ ಜೋಡಣೆಯನ್ನೂ ಅವರಿಂದಲೇ ಮಾಡಿಸಿ, ಬುಡದ ಮಡಿಕೆಯನ್ನು ಮಾತ್ರ ಮನೆಗೆ ಉಳಿಸಿಕೊಂಡರೂ ನನ್ನ ವಾದಕ್ಕೆ ಚ್ಯುತಿಯಿಲ್ಲ. ಎರಡೂ ಪದರಗಳನ್ನು ಒಟ್ಟಿಗೆ ಒಯ್ಯುವ ‘ನಡೆಯುವ ಪಾದ’ದ (ವಾಕಿಂಗ್ ಫುಟ್) ಕೈಗಾರಿಕಾ ಯಂತ್ರಗಳು ಜಾರಿಕೆಯನ್ನು ಚೆನ್ನಾಗಿ ತಡೆಯುತ್ತವೆ ಎಂಬುದೂ ನಿಜ. ಆದರೆ ಹೊಲಿದ ಮೇಲೆ ಬಟ್ಟೆ ಜಗ್ಗುವುದನ್ನು ಯಾವ ಪಾದವೂ ತಡೆಯಲಾರದು. ನಾಲ್ಕು ಕಿಟಕಿಗೆಂದು ಯಂತ್ರ ಕೊಳ್ಳುವುದು ದುಬಾರಿಯಲ್ಲವೇ ಎನ್ನಬಹುದು. ನಾಲ್ಕು ಕಿಟಕಿಗೆ ಮಾತ್ರವಾದರೆ ಹೌದು. ಈ ಚಿಂತೆ ಹಳೆಯದು: ಸಿಂಗರ್ ಕಂಪನಿ 1850ರ ದಶಕದಲ್ಲೇ ಕಂತಿನ ಮೇಲೆ ಯಂತ್ರ ಮಾರತೊಡಗಿದ್ದು ಒಂದೇ ಸಲ ಹಣ ಹೊಂದಿಸಲಾಗದ ಮನೆಗಳಿಗಾಗಿಯೇ. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿದ್ದ ಗಾಂಧೀಜಿ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಅದು ಮನುಷ್ಯರನ್ನು ಆಚೆಗೆ ತಳ್ಳುವ ಯಂತ್ರವಲ್ಲ ಎಂದು ಅವರು ಕಂಡಿದ್ದು ಸರಿಯಾಗಿಯೇ ಇತ್ತು. ಎಣ್ಣೆ ಬಿಟ್ಟು, ಹಲ್ಲಿನ ಸಂದಿನ ಬಟ್ಟೆಯ ನಾರು ತೆಗೆದು ನೋಡಿಕೊಂಡರೆ ಕಾಲಿನ ಯಂತ್ರ ಎರಡು ತಲೆಮಾರು ನಡೆಯುತ್ತದೆ.

ನೈರೋಬಿಯ ಕಿಟಕಿಗಂತೂ ಅಸ್ತರನ್ನು ಪರದೆಯ ಬುಡಕ್ಕೆ ಸೇರಿಸಿ ಹೊಲಿಯಬೇಡಿ. ಎರಡು ಬಟ್ಟೆಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ, ಜಗ್ಗುತ್ತವೆ. ಬುಡದಲ್ಲಿ ಕಟ್ಟಿಹಾಕಿದರೆ ಒಂದು ಇನ್ನೊಂದನ್ನು ಎಳೆದು ಜೋಲು ಬರಿಸುತ್ತದೆ. ತಲೆಪಟ್ಟಿಯಲ್ಲಿ ಮಾತ್ರ ನಾಲ್ಕು ಮಿಲಿಮೀಟರ್‌ನ ದೊಡ್ಡ ಹೊಲಿಗೆಯಿಂದ ಹಿಡಿಸಿ, ಅಸ್ತರಿನ ಬುಡವನ್ನು ಎರಡು ಬೆರಳು ಗಿಡ್ಡವಾಗಿ ಸ್ವತಂತ್ರವಾಗಿ ಮಡಿಸಿ ಬಿಡಿ. ಗಾಜಿನ ಕಡೆಗೆ ಮುಖಮಾಡಿ ಬಿಸಿಲು ತಿನ್ನುವುದು ಅಸ್ತರೇ. ಅದು ಪುಡಿಯಾಗತೊಡಗಿದಾಗ ಮೂರು ನಾಲ್ಕು ಹೊಲಿಗೆಗೊಮ್ಮೆ ಬಾಬಿನ್ ದಾರವನ್ನು ಕತ್ತರಿಸಿ, ಮೇಲಿನ ದಾರವನ್ನು ಎಳೆದರೆ ಸಾಲು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಮುಂಬದಿಯ ಪರದೆ ಹಾಗೇ ಇರುತ್ತದೆ, ಹೊಸ ಅಸ್ತರನ್ನು ಅದೇ ಗೆರೆಯ ಮೇಲೆ ಮತ್ತೆ ಹೊಲಿಯಬಹುದು.